ನಾನು ಏನು ನೋಡ್ತಿದ್ದೇನೆ ಅಂತ ಇಇಜಿಯಲ್ಲಿ ಗೊತ್ತಾಗ್ತದಾ?

ನಾನು ಮಂಗಳೂರಿನಲ್ಲಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ತಲೆಯ ಮೇಲಿಂದಲೇ ದಾಖಲಿಸುವ ಪರೀಕ್ಷೆ, ತೆಗೆಯುವ ಕೆಲಸದವನು. ತಲೆಗೆ ಪೇಸ್ಟ್ ಹಚ್ಚಿ ವಯರ್ ಅಂಟಿಸುವಾಗ ಒಂದಲ್ಲ ಒಂದು ರೀತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: "ನಾನು ಏನು ನೋಡ್ತಿದ್ದೇನೆ, ಗಮನ ಎಲ್ಲಿ ಉಂಟು ಅಂತೆಲ್ಲ ಇದರಲ್ಲಿ ಕಾಣ್ತದಾ ಮಾರಾಯ್ರೆ?" ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರೂ ಬಿಡುವುದಿಲ್ಲ.

ಏನು ನೋಡುತ್ತಿದ್ದೀರಿ ಅಂತ ಗೊತ್ತಾಗುವುದಿಲ್ಲ. ಆದರೆ ನಾವೇ ಎರಡು ವಸ್ತು ಮುಂದಿಟ್ಟು, ಮೊದಲೇ ತಯಾರಿ ಮಾಡಿಕೊಂಡರೆ, ನಿಮ್ಮ ಗಮನ ಯಾವುದರ ಮೇಲಿದೆ ಅಂತ ಸುಮಾರಾಗಿ ಹೇಳಬಹುದು. ಇವೆರಡೂ ಬೇರೆ ಬೇರೆ ಸಂಗತಿ. ಜನ ಒಂದೇ ಅಂದುಕೊಳ್ಳುತ್ತಾರೆ.

ನೆತ್ತಿಯ ಚರ್ಮದ ಮೇಲೆ ನಮಗೆ ಸಿಗುವುದು ಮೈಕ್ರೋವೋಲ್ಟ್ ಲೆಕ್ಕದ ಕರೆಂಟು. ಒಂದು ಮೈಕ್ರೋವೋಲ್ಟ್ ಅಂದರೆ ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಪಾಲು. ತೆಂಗಿನೆಣ್ಣೆ ಹಾಕಿಕೊಂಡು ಬಂದರೆ ಅದೂ ನೆಟ್ಟಗೆ ಸಿಗುವುದಿಲ್ಲ. (ಎಷ್ಟು ಹೇಳಿದರೂ ಹಾಕಿಕೊಂಡೇ ಬರುತ್ತಾರೆ, ಇರಲಿ.) ಕಣ್ಣು ಮುಚ್ಚಿ ಸುಮ್ನೆ ಮಲಗಿದರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13 ಸಲ ಏರಿಳಿಯುವ ಅಲೆ ಕಾಣುತ್ತದೆ. ಇದೇ ಆಲ್ಫಾ. ಕಣ್ಣು ಬಿಟ್ಟ ಕೂಡಲೇ ಇಳಿದು ಹೋಗುತ್ತದೆ. ಜರ್ಮನಿಯ ಯೇನಾದಲ್ಲಿದ್ದ ಹ್ಯಾನ್ಸ್ ಬರ್ಗರ್ ಮನುಷ್ಯರ ಇಇಜಿಯನ್ನು ಮೊದಲು ಪ್ರಕಟಿಸಿದ್ದು 1929ರಲ್ಲಿ. ಇವತ್ತಿಗೂ ನಾವು ಮೊದಲು ನೋಡುವುದು ಈ ಆಲ್ಫಾವನ್ನೇ.

ಮಜಾ ಇರುವುದು ಕಣ್ಣು ಅಲುಗಿಸದೆ ಗಮನ ಮಾತ್ರ ಸರಿಸಿದಾಗ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಗುರುತಿನವರು ಸಿಕ್ಕಿದ್ದಾರೆ, ಅವರ ಮುಖ ನೋಡಿಕೊಂಡೇ ಮಾತಾಡುತ್ತಿದ್ದೀರಿ, ಆದರೆ ಮನಸ್ಸೆಲ್ಲ ಎಡಗಡೆಯಿಂದ ಬರಬೇಕಾದ ನಿಮ್ಮ ಬಸ್ಸಿನ ಮೇಲಿದೆ, ಅಲ್ವಾ? ಇಂಥದ್ದನ್ನೇ ಲ್ಯಾಬಿನಲ್ಲಿ ಮಾಡಿಸಿ ನೋಡಿದ್ದಾರೆ. ಎಡಕ್ಕೆ ಗಮನ ಕೊಟ್ಟರೆ ಮೆದುಳಿನ ಬಲ ಅರ್ಧದ ಹಿಂಭಾಗದಲ್ಲಿ ಆಲ್ಫಾ ಕಡಿಮೆಯಾಗುತ್ತದೆ. ಆಮೇಲೆ ಗಮನ ಇಟ್ಟ ಜಾಗದಲ್ಲೇ ಏನಾದರೂ ಕಾಣಿಸಿಕೊಂಡರೆ, ಸೆಕೆಂಡಿನ ಹತ್ತನೇ ಒಂದು ಭಾಗದ ಹೊತ್ತಿಗೇ ಮೆದುಳಿನ ಪ್ರತಿಕ್ರಿಯೆ ದೊಡ್ಡದಾಗಿ ಏಳುತ್ತದೆ. ಗಮನ ಇಲ್ಲದ ಕಡೆ ಅದೇ ವಸ್ತು ಬಂದರೆ ಅಷ್ಟು ಏಳುವುದಿಲ್ಲ. ಆದರೆ ಒಂದೇ ಸಲಕ್ಕೆ ಇದೆಲ್ಲ ಕಾಣುವುದಿಲ್ಲ. ದಕ್ಕೆಯಲ್ಲಿ ಮೀನು ಏಲಂ ಆಗುವಾಗ ಒಬ್ಬರ ಸ್ವರ ಹಿಡಿಯಲು ಹೋದ ಹಾಗೆ, ಸುತ್ತಲಿನ ಗಲಾಟೆಯೇ ಜಾಸ್ತಿ. ಅದಕ್ಕೇ ಅದೇ ಚಿತ್ರವನ್ನು ನೂರಾರು ಸಲ ತೋರಿಸಿ ಸರಾಸರಿ ತೆಗೆಯುತ್ತಾರೆ.

ಇನ್ನೊಂದು ಉಪಾಯ ಉಂಟು, ನನಗೆ ಬಹಳ ಇಷ್ಟವಾದದ್ದು. ಇಇಜಿ ಮಾಡಿಸಿಕೊಂಡವರಿಗೆ ಮುಖದ ಮುಂದೆ ಪಕಪಕ ಮಿನುಗುವ ಲೈಟು ನೆನಪಿರಬಹುದು. ಲೈಟು ಸೆಕೆಂಡಿಗೆ 10 ಸಲ ಮಿನುಗಿದರೆ, ಹಲವರ ಮೆದುಳಿನ ಹಿಂಭಾಗವೂ ಅದೇ ವೇಗದಲ್ಲಿ ಏರಿಳಿಯುತ್ತದೆ. ನಾವು ಇದನ್ನು ಮಾಡುವುದು ಫಿಟ್ಸ್ ಕಾಯಿಲೆಯ ತಪಾಸಣೆಗೆ. 1996ರಲ್ಲಿ ಮಾರ್ಗನ್, ಹ್ಯಾನ್ಸನ್, ಹಿಲ್ಯಾರ್ಡ್ ಎಂಬವರು ಇದೇ ಗುಣವನ್ನು ಗಮನ ಅಳೆಯಲು ಬಳಸಿದರು. ಪರದೆಯ ಒಂದು ಬದಿಯನ್ನು ಸೆಕೆಂಡಿಗೆ 8.6 ಸಲ, ಇನ್ನೊಂದು ಬದಿಯನ್ನು 12 ಸಲ ಮಿನುಗಿಸಿದರು. ಕಣ್ಣು ನಡುವೆಯೇ ಇರಬೇಕು. ಯಾವ ಬದಿಗೆ ಗಮನ ಕೊಟ್ಟರೋ ಆ ಬದಿಯ ವೇಗದ ಅಲೆ ಜೋರಾಯಿತು. ಎರಡಕ್ಕೂ ಬೇರೆ ಬೇರೆ ಗುರುತು ಮೊದಲೇ ಹಚ್ಚಿಟ್ಟದ್ದರಿಂದ ಯಾವುದು ಅಂತ ಹೇಳುವುದು ಸಾಧ್ಯ ಆಯಿತು. ಗುರುತು ಹಚ್ಚದ ಮೂರನೇ ವಸ್ತುವನ್ನು ನೀವು ನೋಡುತ್ತಿದ್ದರೆ? ಆ ಲೆಕ್ಕದಲ್ಲಿ ಅದು ಇಲ್ಲವೇ ಇಲ್ಲ.

ಗಮನ ಅಂದರೆ ಜಾಗ ಮಾತ್ರವೂ ಅಲ್ಲ. ಒಂದೇ ಜಾಗದಲ್ಲಿ ಮುಖದ ಚಿತ್ರವನ್ನೂ ಮನೆಯ ಚಿತ್ರವನ್ನೂ ಒಂದರ ಮೇಲೊಂದು ಪಾರದರ್ಶಕವಾಗಿ ಇಟ್ಟು, ಒಂದನ್ನು ಮಾತ್ರ ಗಮನಿಸಿ ಅಂದರೆ, ಆ ವಸ್ತುವಿಗೆ ಸಂಬಂಧಪಟ್ಟ ಮೆದುಳಿನ ಭಾಗವೇ ಹೆಚ್ಚು ಚುರುಕಾಗುತ್ತದೆ. 1999ರ ಈ ಪ್ರಯೋಗ ನಡೆದದ್ದು ಎಂಆರ್‌ಐ ಸ್ಕ್ಯಾನಿನಲ್ಲಿ, ಇಇಜಿಯಲ್ಲಲ್ಲ.

ಹಾಗಾದರೆ ಪೊಲೀಸರ ಬ್ರೈನ್ ಮ್ಯಾಪಿಂಗ್, ಅಂದರೆ ಆರೋಪಿಗೆ ಚಿತ್ರ ತೋರಿಸಿ ಗುರುತು ಸಿಕ್ಕಿತಾ ಅಂತ ಮೆದುಳಿನ ಅಲೆಯಲ್ಲಿ ನೋಡುವ ಪರೀಕ್ಷೆ? ಇದು ಎರಡನೇ ಪ್ರಶ್ನೆ, ತಪ್ಪದೆ ಬರುತ್ತದೆ. ಅದರ ಬುಡದಲ್ಲಿರುವುದು ಪಿ300 ಎಂಬ ಅಲೆ. ತುಂಬ ಚಿತ್ರಗಳ ನಡುವೆ ನಿಮಗೆ ಮುಖ್ಯವಾದದ್ದೊಂದು ಅಪರೂಪಕ್ಕೆ ಬಂದರೆ, ಸುಮಾರು 300 ಮಿಲಿಸೆಕೆಂಡ್ ಆದ ಮೇಲೆ ಏಳುತ್ತದೆ. 1988ರಲ್ಲಿ ಫಾರ್ವೆಲ್ ಮತ್ತು ಡಾಂಚಿನ್ ಇದನ್ನೇ ಹಿಡಿದು, 36 ಚೌಕಗಳ ಅಕ್ಷರಪಟ್ಟಿಯಿಂದ ಕೈ ಆಡಿಸದೆ ಅಕ್ಷರ ಆರಿಸುವ ಏರ್ಪಾಡು ಮಾಡಿದರು. ಮೈ ಕೈ ಅಲುಗದವರಿಗೆ ಅದು ಉಪಕಾರವೇ, ಯಾಕಂದರೆ ಅಲ್ಲಿ ಗಮನ ಕೊಡುವವರು ತಾವಾಗಿಯೇ ಕೊಡುತ್ತಾರೆ. ಆರೋಪಿಯ ಮಟ್ಟಿಗೆ ಹಾಗಲ್ಲ. ಒಂದು ಚಿತ್ರ ಗುರುತು ಸಿಕ್ಕಿತು ಅಂದರೆ ಕೊಲೆ ಮಾಡಿದ ಅಂತಲ್ಲ, ಟಿವಿಯಲ್ಲಿ ನೋಡಿದ್ದೂ ಇರಬಹುದು. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ, 2010ರಲ್ಲಿ, ಒಪ್ಪಿಗೆ ಇಲ್ಲದೆ ಇಂಥ ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಒಪ್ಪಿ ಮಾಡಿಸಿಕೊಂಡರೂ ಬರೀ ಆ ಫಲಿತಾಂಶವನ್ನೇ ಸಾಕ್ಷಿಯಾಗಿ ಇಡುವಂತಿಲ್ಲ.