ರೇಡ್ ದಿ ಹಿಮಾಲಯ ಓಡಿದ ದಾರಿಯಲ್ಲಿ: ಕೋಲಾರದಿಂದ ಸ್ಪಿತಿಗೆ ಹೋಗುವವರಿಗೆ

ಕೋಲಾರದ ನಮ್ಮ ಮೆಕ್ಯಾನಿಕ್ ಅಣ್ಣನ ಗ್ಯಾರೇಜ್ ಗೋಡೆ ಮೇಲೆ ಒಂದು ಹಳೇ ಫೋಟೋ ಇದೆ. ಮಾರುತಿ ಜಿಪ್ಸಿ ಒಂದು ಹಳ್ಳದೊಳಗೆ ನುಗ್ಗುತ್ತಿದೆ. ನೀರು ಬಾನೆಟ್ ಮೇಲೆ ಹಾರಿದೆ, ಹಿಂದೆ ಬೋಳು ಬೆಟ್ಟ, ತುದಿಯಲ್ಲಿ ಹಿಮ. ಕೆಳಗೆ 'ರೇಡ್ ದಿ ಹಿಮಾಲಯ' ಅಂತ ಬರೆದಿದೆ. ಆಯಿಲ್ ಬದಲಾಯಿಸಲು ಹೋದಾಗಲೆಲ್ಲ ನನ್ನ ಬಾಮೈದ ಅದರ ಮುಂದೆ ನಿಂತುಬಿಡುತ್ತಿದ್ದ. 'ಭಾವ, ರೇಸ್ ನೋಡೋದು ಬೇಡ, ಆ ರಸ್ತೆ ಒಂದ್ಸಲ ನೋಡಿ ಬರೋಣ' ಅಂದ. ಹೋದ ಸೆಪ್ಟೆಂಬರ್‌ನಲ್ಲಿ ಆ ದಾರಿ ಹಿಡಿದು ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಿ ಬಂದೆವು. ನಾವು ಮಾಡಿದ ತಪ್ಪು ನೀವು ಮಾಡಬಾರದು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಆ ರೇಸ್ ಬಗ್ಗೆ ಸ್ವಲ್ಪ ಹೇಳಬೇಕು. ಅದರ ಕಥೆ ಗೊತ್ತಿದ್ದರೆ ಆ ದಾರಿಯಲ್ಲಿ ಹೇಗೆ ಹೋಗಬೇಕು ಅನ್ನೋದು ಅರ್ಧ ಗೊತ್ತಾದ ಹಾಗೆ. ಹಿಮಾಲಯದಲ್ಲಿ ದೊಡ್ಡ ಮಟ್ಟದ ಕಾರ್ ರ್ಯಾಲಿ ಶುರುವಾದದ್ದು 1980ರಲ್ಲಿ. ನಜೀರ್ ಹುಸೇನ್ ಅನ್ನುವವರು ಅದರ ಮುಂದಾಳು. ಆಫ್ರಿಕಾದ ಸಫಾರಿ ರ್ಯಾಲಿಯನ್ನು ಐದು ಸಲ ಗೆದ್ದ ಶೇಖರ್ ಮೆಹ್ತಾ ಅಂಥವರೂ ಅಲ್ಲಿ ಓಡಿಸಿದ್ದಾರೆ. ಆ ರ್ಯಾಲಿ ನಿಂತು ವರ್ಷಗಳಾದ ಮೇಲೆ, 1999ರಲ್ಲಿ, ವಿಜಯ್ ಪರ್ಮಾರ್ ಮತ್ತು ಅವರ ಜೊತೆಯವರು ಶಿಮ್ಲಾದಲ್ಲಿ ಹಿಮಾಲಯನ್ ಮೋಟಾರ್‌ಸ್ಪೋರ್ಟ್ ಅಸೋಸಿಯೇಷನ್ ಮೂಲಕ ರೇಡ್ ಶುರು ಮಾಡಿದರು. ವರ್ಷಕ್ಕೊಂದು ಸಲ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ. ಅಂದರೆ ಪ್ರವಾಸಿಗರು ಜಾಗ ಖಾಲಿ ಮಾಡಿ, ಹಿಮ ಬೀಳುವುದಕ್ಕೆ ಶುರುವಾಗುವ ಹೊತ್ತಿಗೆ. ಕಾರು, ಜೀಪು, ಬೈಕು ಎಲ್ಲ ಇರುತ್ತಿದ್ದವು. ಸೇನೆಯ ತಂಡಗಳೂ ಬರುತ್ತಿದ್ದವು. ಮನಾಲಿಯ ಸುರೇಶ್ ರಾಣಾ ಇದನ್ನು ಎಷ್ಟೋ ಸಲ ಗೆದ್ದರು. ಹುಟ್ಟಿದ ಊರಿನ ರಸ್ತೆ ಬಲ್ಲವರು ಗೆದ್ದರು ಅಂದರೆ ಆಶ್ಚರ್ಯ ಇಲ್ಲ ಅಲ್ವಾ?

ನನಗೆ ಹೆಚ್ಚು ಇಷ್ಟವಾದದ್ದು ಅದರ ಎರಡು ವಿಭಾಗ. ಎಕ್ಸ್‌ಟ್ರೀಮ್ ಅಂದರೆ ಬೇರೆ ವಾಹನ ಬಿಡದೆ ಮುಚ್ಚಿದ ರಸ್ತೆಯಲ್ಲಿ ಗಡಿಯಾರದ ಜೊತೆ ಓಟ. ಅಡ್ವೆಂಚರ್ ಅಂದರೆ ಹೇಳಿದ ಸರಾಸರಿ ವೇಗದಲ್ಲೇ ಹೋಗಬೇಕು. ತಡವಾದರೂ ದಂಡ, ಬೇಗ ತಲುಪಿದರೂ ದಂಡ. ನಮ್ಮಂಥವರು ಈ ಎರಡನೇದನ್ನೇ ಮನಸ್ಸಲ್ಲಿ ಇಟ್ಟುಕೊಳ್ಳಬೇಕು. ನಾವು ಬೇಗ ತಲುಪಿದೆವು, ದಂಡವನ್ನೂ ಕಟ್ಟಿದೆವು. ಅದನ್ನು ಮುಂದೆ ಹೇಳುತ್ತೇನೆ.

ಬೈಕ್ ತಯಾರಿ ಊರಲ್ಲೇ ಮಾಡಿಕೊಳ್ಳಿ. ಭಾನುವಾರ ಬೆಳಗ್ಗೆ ಅಂತರಗಂಗೆ ಬೆಟ್ಟದ ಮೇಲೆ ತೇರಹಳ್ಳಿಗೆ ಹತ್ತಿ ಇಳಿಯಿರಿ. ತಿರುವು, ಇಳಿಜಾರು, ಕಲ್ಲು ಎಲ್ಲ ಸಿಗುತ್ತದೆ. ಇನ್ನೂ ಚೆನ್ನಾಗಿ ಕಲಿಯಬೇಕು ಅಂದರೆ ಬಿಗ್‌ರಾಕ್ ಡರ್ಟ್‌ಪಾರ್ಕ್ ನಮ್ಮ ಕೋಲಾರದ ಕಡೆಯೇ ಇದೆ. 2015ರಲ್ಲಿ ಡಕಾರ್ ರ್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಜಾಗ ಅದು. ಕಲ್ಲು, ಮರಳಿನಲ್ಲಿ ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಓಡಿಸುವುದು, ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯದೆ ಇರುವುದು, ಚಕ್ರ ನೋಡದೆ ದೂರ ನೋಡುವುದು. ಈ ಮೂರು ಕೈಗೆ ಬಂದರೆ ಸ್ಪಿತಿಯಲ್ಲಿ ಭಯ ಅರ್ಧ ಕಡಿಮೆಯಾಗುತ್ತದೆ.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದರೆ ದೆಹಲಿ. ಅಲ್ಲಿ ಕಾಶ್ಮೀರಿ ಗೇಟ್‌ನಿಂದ ರಾತ್ರಿ ಬಸ್ ಹತ್ತಿ ಮನಾಲಿ. ಬೈಕ್ ಅಲ್ಲೇ ಬಾಡಿಗೆಗೆ ತಗೊಂಡೆವು. ಕೊಡುವವನ ಎದುರಿಗೇ ಬೈಕಿನ ಸುತ್ತ ಒಂದು ವಿಡಿಯೋ ಮಾಡಿಕೊಳ್ಳಿ. ನಾವು ಮಾಡಿರಲಿಲ್ಲ. ವಾಪಸ್ ಕೊಡುವಾಗ ಹಳೇ ಗೀರೊಂದನ್ನು ತೋರಿಸಿ ಡಿಪಾಸಿಟ್‌ನಲ್ಲಿ ದುಡ್ಡು ಹಿಡಿದರು, ಬಾಯಿ ಬಿಡಲು ಆಗಲಿಲ್ಲ.

ಮನಾಲಿಯಲ್ಲೇ ಟ್ಯಾಂಕ್ ತುಂಬಿಸಿ. ಸ್ಪಿತಿಯ ಮುಖ್ಯ ಊರು ಕಾಜಾಕ್ಕೆ ಸುಮಾರು 200 ಕಿ.ಮೀ., ನಡುವೆ ಬಂಕ್ ನಂಬಿಕೊಳ್ಳಬೇಡಿ. 2020ರಲ್ಲಿ ತೆರೆದ 9 ಕಿ.ಮೀ. ಉದ್ದದ ಅಟಲ್ ಸುರಂಗ ದಾಟಿದರೆ ರೋಹ್ತಾಂಗ್ ಪಾಸ್ ಹತ್ತುವ ಕೆಲಸ ತಪ್ಪುತ್ತದೆ. ಹಳೇ ರೇಡ್‌ನವರಿಗೆ ಈ ಸುಖ ಇರಲಿಲ್ಲ. ಗ್ರಾಂಫು ಹತ್ತಿರ ಟಾರು ಬಿಟ್ಟು ಕಾಜಾ ದಾರಿ ಹಿಡಿಯುತ್ತೀರಿ. ಅಲ್ಲಿಂದ ಬಾತಲ್‌ವರೆಗೆ ರಸ್ತೆ ಅನ್ನುವುದು ಹೆಸರಿಗೆ ಮಾತ್ರ. ಉರುಟು ಕಲ್ಲು, ಪಕ್ಕದಲ್ಲಿ ಚಂದ್ರಾ ನದಿ. ಗಂಟೆಗೆ ಹದಿನೈದು ಕಿ.ಮೀ. ಸಾಗಿದರೆ ಒಳ್ಳೇದು ಅಂದುಕೊಳ್ಳಿ.

ಆ ದಾರಿಯಲ್ಲಿ ನಾಲಾ ಅಂತ ಕರೆಯುವ ಹಳ್ಳಗಳು ರಸ್ತೆಗೆ ಅಡ್ಡ ಹರಿಯುತ್ತವೆ. ಗ್ಯಾರೇಜಿನ ಫೋಟೋದಲ್ಲಿ ನೋಡಿದ್ದು ಇಂಥದ್ದನ್ನೇ. ಬಿಸಿಲೇರಿದ ಹಾಗೆ ಮೇಲೆ ಹಿಮ ಕರಗಿ ನೀರು ಏರುತ್ತದೆ. ಬೆಳಗ್ಗೆ ಮೊಣಕಾಲಿನ ಕೆಳಗಿದ್ದದ್ದು ಮಧ್ಯಾಹ್ನ ಮೇಲೆ ಬರುತ್ತದೆ. ಹಾಗಾಗಿ ಹತ್ತು ಗಂಟೆಯೊಳಗೆ ದಾಟಿ. ಅಕ್ಟೋಬರ್‌ನಲ್ಲಿ ಹೋಗುವವರಿಗೆ ಇದು ಉಲ್ಟಾ. ಆಗ ರಾತ್ರಿ ಹರಿದ ನೀರು ರಸ್ತೆ ಮೇಲೆ ಗಾಜಿನ ಹಾಗೆ ಹೆಪ್ಪುಗಟ್ಟಿರುತ್ತದೆ, ಕಣ್ಣಿಗೇ ಕಾಣಲ್ಲ. ರೇಡ್‌ನಲ್ಲಿ ಎಂಥೆಂಥ ಓಟಗಾರರನ್ನೂ ಕಾಡಿದ್ದು ಈ ಮಂಜುಗಡ್ಡೆಯೇ. ಆ ತಿಂಗಳಲ್ಲಿ ಬಿಸಿಲು ಬೀಳುವವರೆಗೆ ಕಾಯಿರಿ. ಒಂದು ನಾಲಾದಲ್ಲಿ ನನ್ನ ಬೈಕ್ ನಡುನೀರಲ್ಲಿ ಕಲ್ಲಿಗೆ ತಾಗಿ ನಿಂತಿತು. ಶೂ ಒಳಗೆ ನೀರು ಹೋಯಿತು, ಐದು ನಿಮಿಷಕ್ಕೆ ಬೆರಳು ಇದೆಯೋ ಇಲ್ಲವೋ ತಿಳಿಯಲಿಲ್ಲ. ಒಣ ಸಾಕ್ಸ್ ಎರಡು ಜೊತೆ ಬ್ಯಾಗಿನ ಮೇಲ್ಗಡೆಯೇ ಇರಲಿ, ತಳದಲ್ಲಲ್ಲ.

ಈಗ ನಮ್ಮ ದಂಡದ ಕಥೆ. ಮನಾಲಿ 2,050 ಮೀಟರ್. ನಮ್ಮ ಕೋಲಾರ ಸಾವಿರವೂ ಇಲ್ಲ. ಮೊದಲ ದಿನವೇ ಹುಮ್ಮಸ್ಸಿನಲ್ಲಿ ಬಾತಲ್ ದಾಟಿ ಚಂದ್ರತಾಲ್ ಹತ್ತಿರ, 4,200 ಮೀಟರ್ ಮೇಲೆ, ಟೆಂಟ್‌ನಲ್ಲಿ ಮಲಗಿದೆವು. ರಾತ್ರಿ ಒಂದು ಗಂಟೆಗೆ ಬಾಮೈದ ಎದ್ದು ಕೂತ. ತಲೆ ಒಡೆದುಹೋಗುತ್ತಿದೆ ಅಂದ, ಎರಡು ಸಲ ವಾಂತಿ ಮಾಡಿಕೊಂಡ. ಲೈಟ್ ಹಿಡಿದು ನೋಡಿದರೆ ತುಟಿ ಬಣ್ಣ ಕೆಟ್ಟಿತ್ತು. ಕ್ಯಾಂಪಿನವರು ಆಕ್ಸಿಜನ್ ಕೊಟ್ಟರು. ಬೆಳಗಾಗುವುದರೊಳಗೆ ನೂರು ಸಲ ಅವನ ಉಸಿರು ನೋಡಿದ್ದೇನೆ. ಅವನ ಅಕ್ಕನಿಗೆ ಏನು ಹೇಳಲಿ ಅನ್ನುವುದೊಂದೇ ಯೋಚನೆ. ಬೆಳಗ್ಗೆ ಜೀಪಿನಲ್ಲಿ ಕೆಳಗೆ ಸಿಸ್ಸುಗೆ ಇಳಿಸಿದೆವು. ಇಳಿದ ಕೆಲವೇ ಗಂಟೆಯಲ್ಲಿ ಎದ್ದು ಗಂಜಿ ಕುಡಿದ. ಎತ್ತರದ ಕಾಯಿಲೆಗೆ ದೊಡ್ಡ ಔಷಧಿ ಕೆಳಗಿಳಿಯೋದು, ಇದನ್ನು ಮರೀಬೇಡಿ. ಡಯಮಾಕ್ಸ್ ಮಾತ್ರೆ ಬೇಕೋ ಬೇಡವೋ ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರ್ ಹತ್ತಿರ ಕೇಳಿ.

ಅದಕ್ಕೇ ನನ್ನ ಮಾತು ಇಷ್ಟು: ಸಮಯ ಇದ್ದರೆ ಶಿಮ್ಲಾ ಕಡೆಯಿಂದ ಹೋಗಿ. ಕಲ್ಪಾ, ನಾಕೋ, ತಾಬೋ ಅಂತ ಒಂದೊಂದು ರಾತ್ರಿ ನಿಂತು ಹತ್ತಿದರೆ ಮೈ ಒಗ್ಗಿಕೊಳ್ಳುತ್ತದೆ. ತಾಬೋದಲ್ಲಿ 996ರಲ್ಲಿ ಕಟ್ಟಿದ ಬೌದ್ಧ ಮಠ ಇದೆ, ಸುಮ್ನೆ ಹಾದುಹೋಗಬೇಡಿ. ಕುಂಜುಮ್ ಪಾಸ್ ಕೊನೆಗೆ ದಾಟಿ ಮನಾಲಿಗೆ ಇಳಿಯಿರಿ. ಒಟ್ಟು ಲೆಕ್ಕದಲ್ಲಿ ಎರಡು ದಿನ ಖಾಲಿ ಇಟ್ಟುಕೊಳ್ಳಿ. 2018ರ ಸೆಪ್ಟೆಂಬರ್ ಕೊನೆಯಲ್ಲೇ ಇಲ್ಲಿ ಹಿಮ ಸುರಿದು ನೂರಾರು ಜನ ಸಿಕ್ಕಿಹಾಕಿಕೊಂಡರು, ವಾಯುಪಡೆಯ ಹೆಲಿಕಾಪ್ಟರ್ ಬರಬೇಕಾಯಿತು.

ನಮ್ಮ ಕಥೆಗೆ ಬಂದರೆ, ಸಿಸ್ಸುವಿನಲ್ಲಿ ಮಾರನೇ ದಿನ ಸುಧಾರಿಸಿಕೊಂಡು, ಅದರ ಮರುದಿನ ಮತ್ತೆ ಹತ್ತಿದೆವು. ಬಾತಲ್‌ನ ಚಂದ್ರಾ ಢಾಬಾದಲ್ಲಿ ಬಿಸಿ ರಾಜ್ಮಾ ಅನ್ನ ತಿನ್ನಿ, ಮುಂದೆ ಲೋಸರ್‌ವರೆಗೆ ಊಟ ಸಿಗಲ್ಲ. ಕುಂಜುಮ್ 4,551 ಮೀಟರ್. ಅಲ್ಲಿ ನಮಗಷ್ಟೇ ಅಲ್ಲ, ಇಂಜಿನ್‌ಗೂ ಗಾಳಿ ಸಾಲಲ್ಲ. ಬೈಕಿನ ಶಕ್ತಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೋಗಿರುತ್ತದೆ, ಮೊದಲ ಗೇರ್‌ನಲ್ಲೇ ಏರಿಸಿ. ಮೇಲೆ ಕುಂಜುಮ್ ಮಾತೆಯ ಗುಡಿ. ಗಾಡಿಗಳೆಲ್ಲ ಗುಡಿಗೆ ಒಂದು ಸುತ್ತು ಹಾಕಿಯೇ ಮುಂದೆ ಹೋಗುತ್ತವೆ. ನಾವೂ ಹಾಕಿದೆವು. ಬಾಮೈದ ಹೆಲ್ಮೆಟ್ ತೆಗೆದು ತುಂಬಾ ಹೊತ್ತು ಕೈಮುಗಿದು ನಿಂತ.

ಕಾಜಾದಲ್ಲಿ ಪೆಟ್ರೋಲ್ ಬಂಕ್, ಆಸ್ಪತ್ರೆ ಎರಡೂ ಇವೆ. ದಾರಿಯಲ್ಲಿ ಹೆಚ್ಚಿನ ಕಡೆ ಫೋನ್ ಸಿಗಲ್ಲ, ಮನೆಯವರಿಗೆ ಮೊದಲೇ ಹೇಳಿಡಿ. ಕೈಯಲ್ಲಿ ನಗದು ಇರಲಿ. ಕ್ಲಚ್ ಕೇಬಲ್, ಟ್ಯೂಬ್, ಪಂಕ್ಚರ್ ಕಿಟ್ ಕೋಲಾರದಿಂದಲೇ ಒಯ್ಯಿರಿ, ಆದರೆ ಬಾಡಿಗೆ ಬೈಕಿನ ಮಾಡೆಲ್ ಮೊದಲೇ ಕೇಳಿಕೊಂಡು ತಗೊಳ್ಳಿ.

ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ಸೆಪ್ಟೆಂಬರ್ ಎರಡನೇ ವಾರಕ್ಕೆ ಹೊರಡುವವರು ಜುಲೈನಲ್ಲೇ ಕೂತು ಮಾಡಿಸಿ. ನಾವು ಈ ಸಲ ಶಿಮ್ಲಾ ಕಡೆಯಿಂದ ಹೋಗುತ್ತಿದ್ದೇವೆ. ಬಾಮೈದನ ಅಕ್ಕನೂ ಬರುತ್ತೇನೆ ಅಂದಿದ್ದಾಳೆ, ಅವಳಿಗೆ ಜಾಕೆಟ್ ಹುಡುಕುತ್ತಿದ್ದೇವೆ.