ಕಣ್ಣಿಗೆ ಕಾಣುವ ಕುಳಿಗಳು ಫೋಟೋದಲ್ಲಿ ಯಾಕೆ ಬರುವುದಿಲ್ಲ?

ಸಣ್ಣ ಟೆಲಿಸ್ಕೋಪ್ ಕೊಂಡವರು ತಪ್ಪದೆ ಕೇಳುವ ಪ್ರಶ್ನೆ ಇದು: "ಐಪೀಸಿಗೆ ಕಣ್ಣಿಟ್ಟರೆ ಚಂದ್ರನ ಕುಳಿಗಳು ಎಣಿಸುವ ಹಾಗೆ ಕಾಣುತ್ತವೆ. ಅಲ್ಲೇ ಫೋನ್ ಹಿಡಿದರೆ ಬರೀ ಬಿಳಿ ಬಲ್ಬು. ಟೆಲಿಸ್ಕೋಪ್ ಸರಿಯಿಲ್ಲವಾ?"

ಟೆಲಿಸ್ಕೋಪ್ ಸರಿಯಾಗೇ ಇದೆ. ತಪ್ಪುತ್ತಿರುವುದು ಫೋನಿನ ಲೆಕ್ಕ. ಚಿತ್ರದ ಬಹುಪಾಲು ಕಪ್ಪು ಆಕಾಶವಾದ್ದರಿಂದ ಅದು ಕತ್ತಲೆಂದು ಬಗೆದು ಎಕ್ಸ್‌ಪೋಷರ್ (ಚಿತ್ರಕ್ಕೆ ತೆಗೆದುಕೊಳ್ಳುವ ಬೆಳಕು) ಏರಿಸುತ್ತದೆ. ಆದರೆ ನೀವು ತೆಗೆಯುತ್ತಿರುವುದು ಬಿಸಿಲಲ್ಲಿ ಬಿದ್ದಿರುವ ಬಂಡೆಯ ಫೋಟೋ. ಚಂದ್ರನ ಮೇಲೆ ಆಗ ಹಗಲು.

70 ಮಿಮೀ ಅಗಲ, 700 ಮಿಮೀ ನಾಭಿದೂರದ ಟೆಲಿಸ್ಕೋಪನ್ನೇ ತೆಗೆದುಕೊಳ್ಳೋಣ. 25 ಮಿಮೀ ಐಪೀಸ್ ಹಾಕಿದರೆ 28 ಪಟ್ಟು ದೊಡ್ಡದಾಗಿ ಕಾಣುತ್ತದೆ. ಫೋನ್ ಕ್ಯಾಮೆರಾದ ಪ್ರೊ ಮೋಡಿನಲ್ಲಿ (ಸೆಟ್ಟಿಂಗ್ ನಾವೇ ಬದಲಿಸುವ ಮೋಡ್) ಐಎಸ್ಒ, ಅಂದರೆ ಬೆಳಕಿನ ಸೂಕ್ಷ್ಮತೆ, 100, ಷಟರ್ 1/500 ಸೆಕೆಂಡ್ ಇಟ್ಟು ಶುರು ಮಾಡಿ. ಅತಿ ಬೆಳ್ಳಗಿನ ಜಾಗದಲ್ಲೂ ವಿವರ ಉಳಿಯುವವರೆಗೆ ಷಟರ್ ವೇಗ ಹೆಚ್ಚಿಸುತ್ತಾ ಹೋಗಿ. 10 ಮಿಮೀ ಐಪೀಸಿಗೆ ಬದಲಾಯಿಸಿದರೆ ಬೆಳಕು ಸುಮಾರು ಆರನೇ ಒಂದು ಭಾಗಕ್ಕೆ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಷಟರ್ ನಿಧಾನ ಮಾಡಬೇಕು. ಪ್ರೊ ಮೋಡ್ ಇಲ್ಲದಿದ್ದರೆ ಚಂದ್ರನ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಪರದೆಯಲ್ಲಿ ಬರುವ ಬೆಳಕಿನ ಸ್ಲೈಡರನ್ನು ಕೆಳಗೆ ಎಳೆಯಿರಿ. ನೈಟ್ ಮೋಡ್ ಬೇಡವೇ ಬೇಡ. ದೃಶ್ಯ ಗುರುತಿಸಿ ತಾನೇ ತಿದ್ದುವ ಸೌಲಭ್ಯವನ್ನೂ ಆಫ್ ಮಾಡಿ. ಅದು ಇಲ್ಲದ ವಿವರ ತುಂಬಿಬಿಟ್ಟರೆ ಅದು ನಿಮ್ಮ ಟೆಲಿಸ್ಕೋಪ್ ಕಂಡ ಚಂದ್ರ ಅಲ್ಲ.

ಹೆಚ್ಚಿನವರು ಸೋಲುವುದು ಫೋನ್ ಕೂರಿಸುವುದರಲ್ಲಿ. 28 ಪಟ್ಟಿನಲ್ಲಿ ಐಪೀಸಿನಿಂದ ಹೊರಬರುವ ಬೆಳಕಿನ ಎಳೆ ಕೇವಲ 2.5 ಮಿಮೀ ದಪ್ಪ. ಐಪೀಸಿನ ಹಿಂದೆ ಒಂದು ಬಿಳಿ ಕಾಗದ ಹಿಡಿದು ಹಿಂದೆ ಮುಂದೆ ಸರಿಸಿ ನೋಡಿ: ಒಂದು ದೂರದಲ್ಲಿ ಬೆಳಕು ಚಿಕ್ಕ, ಅಂಚು ಸ್ಪಷ್ಟವಾದ ಚುಕ್ಕೆಯಾಗುತ್ತದೆ. ಕ್ಯಾಮೆರಾ ಲೆನ್ಸ್ ಇರಬೇಕಾದ್ದು ಸರಿಯಾಗಿ ಅಲ್ಲಿ. ಪಕ್ಕಕ್ಕೆ ಜರುಗಿದರೆ ಹುರುಳಿಕಾಳಿನಾಕಾರದ ಕಪ್ಪು ನೆರಳು ಬರುತ್ತದೆ, ದೂರ ತಪ್ಪಿದರೆ ಸುತ್ತಲೂ ಕಪ್ಪಾಗುತ್ತದೆ. ಕೈಯಲ್ಲಿ ಇದು ನಿಲ್ಲುವುದಿಲ್ಲ. ಫೋನನ್ನು ಐಪೀಸಿಗೆ ಬಿಗಿಯುವ ಅಡಾಪ್ಟರ್ ಬೇಕೇ ಬೇಕು. ಎರಡು ಮೂರು ಕ್ಯಾಮೆರಾ ಇರುವ ಫೋನ್ ಝೂಮ್ ಮಾಡುವಾಗ ತಾನಾಗೇ ಬೇರೆ ಲೆನ್ಸಿಗೆ ಜಿಗಿದು ಚಂದ್ರ ಮಾಯವಾಗುವುದೂ ಉಂಟು, ಹಾಗಾಗಿ 1x ನಲ್ಲೇ ಇರಿ. ಗುಂಡಿ ಒತ್ತಿದ ಅದುರು ನಿಲ್ಲಲು 3 ಸೆಕೆಂಡಿನ ಟೈಮರ್ ಇಡಿ. ಸಡಿಲ ಸ್ಟ್ಯಾಂಡಾದರೆ 10 ಸೆಕೆಂಡ್.

ಹುಣ್ಣಿಮೆಯಂದು ತೆಗೆದರೆ ಇಷ್ಟೆಲ್ಲ ಮಾಡಿಯೂ ಚಿತ್ರ ಚಪ್ಪಟೆ. ಬಿಸಿಲು ನೇರ ಬೀಳುವುದರಿಂದ ನೆರಳೇ ಇರುವುದಿಲ್ಲ, ನೆರಳಿಲ್ಲದೆ ಕುಳಿಯ ಆಳ ಕಾಣುವುದಿಲ್ಲ. ಶುಕ್ಲ ಷಷ್ಠಿಯಿಂದ ದಶಮಿಯವರೆಗಿನ ಸಂಜೆಗಳೇ ಒಳ್ಳೆಯವು. ಷಷ್ಠಿಗೆ ಥಿಯೋಫಿಲಸ್ ಕುಳಿ, ಅಷ್ಟಮಿಗೆ ಟಾಲೆಮಿ ಕುಳಿ ಮತ್ತು ಅಪೆನೈನ್ ಬೆಟ್ಟಸಾಲು, ದಶಮಿಗೆ 93 ಕಿಮೀ ಅಗಲದ ಕೋಪರ್ನಿಕಸ್ ನೆರಳಿನ ಗಡಿಗೆ ಬರುತ್ತವೆ. ಆಗ ಕುಳಿಯ ಅಂಚು ಬೆಳಗಿರುತ್ತದೆ, ತಳ ಇನ್ನೂ ಮಸಿ ಕಪ್ಪು.

ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ. ಒಳಗಿನ ಬಿಸಿಗಾಳಿ ಹೋಗದೆ ಫೋಕಸ್ ನಿಲ್ಲುವುದಿಲ್ಲ.

ಇನ್ನೂ ಸೂಕ್ಷ್ಮ ಬೇಕೆಂದರೆ ಫೋಟೋ ಬಿಟ್ಟು ಒಂದು ನಿಮಿಷದ ವೀಡಿಯೋ ತೆಗೆಯಿರಿ. ಗಾಳಿಯ ಕುದಿತದಲ್ಲಿ ಕೆಲವು ಫ್ರೇಮುಗಳಷ್ಟೇ ಚೂಪಾಗಿರುತ್ತವೆ. ಆಟೋಸ್ಟ್ಯಾಕರ್ಟ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್ ಅವನ್ನು ಹೆಕ್ಕಿ ಒಂದರ ಮೇಲೊಂದು ಕೂರಿಸುತ್ತದೆ. ಉತ್ತಮ 10ರಿಂದ 20 ಶೇಕಡಾ ಸಾಕು. 70 ಮಿಮೀ ಲೆನ್ಸಿನ ಮಿತಿ ಚಂದ್ರನ ಮೇಲೆ ಸುಮಾರು 3 ಕಿಮೀ, ಅದಕ್ಕಿಂತ ಸಣ್ಣದನ್ನು ಯಾವ ಸಾಫ್ಟ್‌ವೇರೂ ತೆಗೆಯಲಾರದು. ಆಮೇಲೆ ಶಾರ್ಪನ್ ಮಾಡುವಾಗ ಚಂದ್ರನ ಹೊರ ಅಂಚಿನ ಮೇಲೆ ಕಣ್ಣಿಡಿ. ಅಲ್ಲಿ ಎರಡನೇ ಬಿಳಿ ಗೆರೆ ಮೂಡಿದ ಕೂಡಲೇ ಒಂದು ಹೆಜ್ಜೆ ಹಿಂದೆ ಬನ್ನಿ.