ಕೆಂಚನ ಬಲಗಿವಿ

ಜೂನ್ 14, 2025, ಶನಿವಾರ

ಬೆಳಿಗ್ಗೆ ನಮ್ಮ ನಾಯಿ ಕೆಂಚನ ತಲೆ ಸವರುತ್ತಿದ್ದೆ. ಬಲಗಿವಿ ಕೈಗೆ ಬೇರೆ ಥರ ಸಿಕ್ಕಿತು. ದಿನಾ ಎಲೆಯ ಹಾಗೆ ತೆಳ್ಳಗಿರುವ ಕಿವಿ ಇವತ್ತು ನೀರು ತುಂಬಿದ ಚೀಲದ ಹಾಗೆ ಮೆತ್ತಗೆ, ಬಿಸಿಬಿಸಿ. ಬೆರಳಿಟ್ಟರೆ ಒಳಗೆ ಏನೋ ಜಾರುತ್ತಿತ್ತು. ಅವನು ಕುಂಯ್ ಅಂದು ತಲೆ ಎಳೆದುಕೊಂಡ. ಭಾರಕ್ಕೆ ಕಿವಿ ಜೋತುಬಿದ್ದು, ತಲೆಯೂ ಬಲಕ್ಕೆ ವಾಲಿತ್ತು.

ಬೇರೆ ನಾಯಿ ಕಚ್ಚಿರಬೇಕು, ಇಲ್ಲ ಏನೋ ಹುಳ ಕಡಿದಿರಬೇಕು ಅಂದುಕೊಂಡು ಗಾಯ ಹುಡುಕಿದೆ. ಉಗುರಿನ ಗೀರು ಬಿಟ್ಟರೆ ಏನೂ ಇಲ್ಲ. ಆ ಗೀರುಗಳೂ ಅವನೇ ಕೆರೆದುಕೊಂಡಿದ್ದು.

ಡಾಕ್ಟರ್ ಕಿವಿ ಮುಟ್ಟಿದ ಕೂಡಲೇ, "ಎಷ್ಟು ದಿನದಿಂದ ತಲೆ ಕೊಡವುತ್ತಿದ್ದಾನೆ?" ಅಂತ ಕೇಳಿದರು. ನನಗೆ ಹೊಟ್ಟೆ ಕಿವುಚಿದಂತಾಯಿತು. ಹತ್ತು ದಿನ ಆಗಿರಬೇಕು. ರಾತ್ರಿ ಪಟಪಟ ಅಂತ ಕಿವಿ ಬಡಿಯುವ ಸದ್ದು ಕೇಳಿಸುತ್ತಲೇ ಇತ್ತು. ನಾಯಿ ಅಂದಮೇಲೆ ತಲೆ ಕೊಡವುತ್ತೆ ಅಲ್ವಾ ಅಂತ ಮಗ್ಗುಲು ಬದಲಿಸಿ ಮಲಗಿದ್ದೆ.

ಇದಕ್ಕೆ ಹೆಮಟೋಮಾ ಅಂತಾರೆ. ಕಿವಿಯ ನಡುವೆ ಒಂದು ಮೆದು ಎಲುಬಿನ ಹಾಳೆ ಇರುತ್ತದೆ. ಜೋರಾಗಿ ಕೊಡವಿದಾಗ, ಕೆರೆದಾಗ ಒಳಗಿನ ಸಣ್ಣ ರಕ್ತನಾಳ ಒಡೆಯುತ್ತದೆ. ಎಲುಬಿಗೂ ಚರ್ಮಕ್ಕೂ ಮಧ್ಯೆ ರಕ್ತ ತುಂಬಿಕೊಳ್ಳುತ್ತದೆ. ಊತ ಕಣ್ಣಿಗೆ ಕಾಣುತ್ತದೆ, ಆದರೆ ರೋಗದ ಬೇರು ಅಲ್ಲಿಲ್ಲ. ಬೇರು ಇರುವುದು ಕಿವಿಯ ತೂತಿನೊಳಗೆ, ಆ ತುರಿಕೆಯಲ್ಲಿ.

ಡಾಕ್ಟರ್ ಮೊದಲು ಬೆಳಕು ಬಿಟ್ಟು ಒಳಗಿನ ತಮಟೆ ಸರಿಯಿದೆಯಾ ನೋಡಿದರು. ಅದು ಹರಿದಿದ್ದರೆ ಕೆಲವು ಡ್ರಾಪ್ಸ್ ಒಳಗಿಳಿದು ಕಿವುಡೇ ಆಗಬಹುದಂತೆ. ಮನೆಯಲ್ಲಿರೋ ಡ್ರಾಪ್ಸ್ ಸುಮ್ನೆ ಹಾಕಬಾರದು ಅನ್ನೋದು ಇದಕ್ಕೇ. ಆಮೇಲೆ ಕಂದು ಗುಗ್ಗೆಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ನನಗೂ ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ನೇರಳೆ ಬಣ್ಣದ ಪುಟಾಣಿ ಹೆಜ್ಜೆಗುರುತುಗಳ ಹಾಗೆ ರಾಶಿ ರಾಶಿ. ಮಲಸೀಜಿಯಾ ಅನ್ನುವ ಯೀಸ್ಟ್, ಒಂದು ಥರದ ಶಿಲೀಂಧ್ರ. ಆರೋಗ್ಯದ ಕಿವಿಯಲ್ಲೂ ಸ್ವಲ್ಪ ಇರುತ್ತದೆ. ಒಳಗೆ ಒದ್ದೆಯಾದರೆ, ಅಲರ್ಜಿಯಾದರೆ ಜಾಸ್ತಿಯಾಗುತ್ತದೆ.

ಸೂಜಿಯಿಂದ ರಕ್ತ ತೆಗೆದರು. ಮತ್ತೆ ತುಂಬಬಹುದು ಅಂತ ಹೇಳಿಯೇ ಕಳಿಸಿದರು. ನೋವಿಗೆ ಅವರು ಕೊಟ್ಟ ಮಾತ್ರೆ ಮಾತ್ರ. ಅಮ್ಮ ಪಾಪ, ಕನಿಕರಕ್ಕೆ ತಮ್ಮ ಮಂಡಿನೋವಿನ ಮಾತ್ರೆ ಅರ್ಧ ಮುರಿದು ತಂದಿದ್ದರು. ಅದು ಐಬುಪ್ರೊಫೇನ್. ನಾಯಿಗೆ ಅದು ವಿಷ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಹಾಳಾಗುತ್ತದೆ.

ಜೂನ್ 17, ಮಂಗಳವಾರ

ಮತ್ತೆ ತುಂಬಿಕೊಂಡಿದೆ. ರಕ್ತ ತೆಗೆದರೂ ಚರ್ಮ ಎಲುಬಿಗೆ ಅಂಟಿಲ್ಲ, ಖಾಲಿ ಜಾಗ ಹಾಗೇ ಇತ್ತು. ಬಿಟ್ಟರೆ ನಿಧಾನಕ್ಕೆ ಇಂಗುತ್ತದಂತೆ. ಆದರೆ ಗಾಯ ಮಾಗುತ್ತಾ ಕಿವಿ ಮುದುರಿ ಗಂಟುಗಂಟಾಗಬಹುದು, ತೂತಿನ ಬಾಯಿಯೂ ಕಿರಿದಾಗಬಹುದು. ಈಗಲೇ ಸೋಂಕಾಗಿರುವ ಕಿವಿ ಇದು, ಗಾಳಿಯೂ ಆಡದಂತಾದರೆ ಇನ್ನೂ ಕಷ್ಟ. ಆಪರೇಷನ್‌ಗೆ ಒಪ್ಪಿದೆ.

ಜೂನ್ 19, ಗುರುವಾರ

ಸಂಜೆ ಮನೆಗೆ ಬಂದ. ಅರಿವಳಿಕೆಯ ಮಂಪರು ಇನ್ನೂ ಪೂರ್ತಿ ಇಳಿದಿಲ್ಲ. ಕಿವಿಯ ಒಳಮೈಯಲ್ಲಿ ಹಾವಿನ ಹಾಗೆ ಬಳುಕಿದ ಒಂದು ಸೀಳು. ನೆಟ್ಟಗೆ ಸೀಳಿದರೆ ಮಾಗುವಾಗ ಕಿವಿ ಮಡಚಿಕೊಳ್ಳಬಹುದಂತೆ. ಅದರ ಅಕ್ಕಪಕ್ಕ ಸಾಲಾಗಿ ಹೊಲಿಗೆಗಳು, ಕೌದಿಯ ಹಾಗೆ, ಚರ್ಮವನ್ನು ಎಲುಬಿಗೆ ಒತ್ತಿ ಹಿಡಿಯಲು. ಎಲ್ಲವೂ ಕಿವಿಯ ಬುಡದಿಂದ ತುದಿಯ ಕಡೆಗೇ. ಅಡ್ಡ ಹಾಕಿದರೆ ತುದಿಗೆ ಹೋಗುವ ರಕ್ತ ನಿಂತುಬಿಡಬಹುದು. ಸೀಳಿನ ಬಾಯಿ ಬೇಕಂತಲೇ ಸ್ವಲ್ಪ ಬಿಟ್ಟಿದ್ದಾರೆ, ಒಳಗಿನ ನೀರು ಹರಿದುಹೋಗಲಿ ಅಂತ.

ರಾತ್ರಿಯೆಲ್ಲಾ ಆ ತೆಳು ಕೆಂಪು ನೀರು ಒಸರಿತು. ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಸಲೈನಿನಲ್ಲಿ ಬಟ್ಟೆ ಅದ್ದಿ ಒತ್ತಿ ಒತ್ತಿ ಒರೆಸಿದೆ. ಕಿವಿ ಕೆರೆಯದಿರಲಿ ಅಂತ ಕತ್ತಿಗೆ ಹಾಕಿದ ಕೋನ್ ಬಾಗಿಲಿಗೆ ತಗುಲಿದಾಗೆಲ್ಲ ಕೆಂಚ ಅಲ್ಲೇ ನಿಂತುಬಿಡುತ್ತಾನೆ, ನಾನು ಬಂದು ತಿರುಗಿಸುವ ತನಕ. ಅವನ ಆ ಮುಖ ನೋಡಿ ಕೋನ್ ಬಿಚ್ಚಿಬಿಡೋಣ ಅನ್ನಿಸಿತು. ಬಿಚ್ಚಲಿಲ್ಲ. ಒಂದೇ ಸಲ ಜೋರಾಗಿ ಕೆರೆದುಕೊಂಡರೂ ಹೊಲಿಗೆ ಕಿತ್ತುಬರುತ್ತದೆ.

ಜೂನ್ 25, ಬುಧವಾರ

ಡ್ರಾಪ್ಸ್ ಎರಡೂ ಕಿವಿಗೆ ಹಾಕುತ್ತಿದ್ದೇನೆ, ಎಡಗಿವಿಯಲ್ಲೂ ಯೀಸ್ಟ್ ಸಿಕ್ಕಿತ್ತು. ನಾಯಿಯ ಕಿವಿಯ ಕೊಳವೆ ಮೊದಲು ಕೆಳಕ್ಕಿಳಿದು ಆಮೇಲೆ ಒಳಕ್ಕೆ ತಿರುಗುತ್ತದೆ. ಹತ್ತಿಯ ಕಡ್ಡಿ ಹಾಕಿದರೆ ಕೊಳೆಯೆಲ್ಲ ಆ ತಿರುವಿಗೆ ಹೋಗಿ ಕೂರುತ್ತದೆ. ಕಡ್ಡಿ ಬೇಡವೇ ಬೇಡ. ಡ್ರಾಪ್ಸ್ ಬಿಟ್ಟು ಕಿವಿಯ ಬುಡವನ್ನು ಹೊರಗಿನಿಂದ ಮೆಲ್ಲಗೆ ತಿಕ್ಕಬೇಕು. ಒಳಗೆ ಪಿಚಪಿಚ ಅನ್ನಬೇಕು, ಆಗ ಔಷಧಿ ಆಳಕ್ಕೆ ಇಳಿದಿದೆ ಅಂತ ಅರ್ಥ. ಆಮೇಲೆ ಅವನು ತಲೆ ಕೊಡವಲು ನೋಡುತ್ತಾನೆ. ಅಷ್ಟರಲ್ಲಿ ಬಲಗಿವಿಯನ್ನು ಅಂಗೈಯಿಂದ ತಲೆಗೆ ಆನಿಸಿ ಹಿಡಿದುಬಿಡುತ್ತೇನೆ.

ಮೊದಲ ದಿನಗಳಲ್ಲಿ ಇದ್ದ ಹುಳಿ ವಾಸನೆ ಇವತ್ತು ಬರಲಿಲ್ಲ. ಎರಡು ಸಲ ಮೂಸಿ ನೋಡಿದೆ.

ಜುಲೈ 5, ಶನಿವಾರ

ಹೊಲಿಗೆ ಬಿಚ್ಚಿದರು, ಹದಿನಾರು ದಿನಕ್ಕೆ. ಗಾಜಿನ ಮೇಲೆ ಈ ಸಲ ಹೆಜ್ಜೆಗುರುತು ಹುಡುಕಿದರೂ ಹೆಚ್ಚು ಸಿಗಲಿಲ್ಲ. ಆದರೂ ಡ್ರಾಪ್ಸ್ ಇನ್ನೊಂದು ವಾರ ಇದೆ. ಚೆನ್ನಾಗಿ ಕಾಣುತ್ತಿದೆ ಅಂತ ನಡುವೆ ನಿಲ್ಲಿಸಿದರೆ ತುರಿಕೆ ವಾಪಸ್ಸು, ಜೊತೆಗೆ ಇದೆಲ್ಲವೂ ವಾಪಸ್ಸು. ಯೀಸ್ಟ್ ಯಾಕೆ ಹೆಚ್ಚಿತು ಅನ್ನೋದನ್ನೂ ನೋಡಬೇಕಿದೆ. ಮುಂದಿನ ಸಲ ಅಲರ್ಜಿಯ ಬಗ್ಗೆ ಮಾತಾಡೋಣ ಅಂದಿದ್ದಾರೆ.

ಕಿವಿಯ ಅಂಚು ಒಂದು ಕಡೆ ಸ್ವಲ್ಪ ದಪ್ಪ ಉಳಿದಿದೆ, ಸವರಿದರೆ ಗೊತ್ತಾಗುತ್ತದೆ. ಉಳಿದದ್ದೆಲ್ಲ ಮತ್ತೆ ಎಲೆಯ ಹಾಗೆ.

ಈಗ ರಾತ್ರಿ ಹನ್ನೊಂದು. ಕೆಂಚ ಬಲಗಿವಿಯನ್ನೇ ನೆಲಕ್ಕೆ ಒತ್ತಿಕೊಂಡು ಮಲಗಿದ್ದಾನೆ, ಮೂರು ವಾರದಲ್ಲಿ ಮೊದಲ ಸಲ. ನಾನು ಕಿವಿಗೊಟ್ಟು ಕೂತಿದ್ದೇನೆ. ಅವನ ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ.